ಬಾಣ ಎಡಕ್ಕೆ ಬಿದ್ದರೆ ಸೈಟನ್ನು ಬಲಕ್ಕೆ ಸರಿಸಬೇಕೇ?

ಹೇಳಿಕೆ: ಬಿಲ್ಲಿಗೆ ಹೊಸ ಸೈಟ್ ಜೋಡಿಸಿದ ಮೇಲೆ ಬಾಣ ಗುರಿಯ ಎಡಕ್ಕೆ ಬಿದ್ದರೆ, ಸೈಟನ್ನು ಬಲಕ್ಕೆ ಸರಿಸಬೇಕು.

ಸತ್ಯಾಂಶ: ತಪ್ಪು. ಬಾಣ ಯಾವ ಕಡೆ ಬಿದ್ದಿದೆಯೋ, ಸೈಟನ್ನು ಅದೇ ಕಡೆಗೆ ಸರಿಸಬೇಕು.

ಬಿಲ್ಲುಗಾರಿಕೆ ಕಲಿಯುವ ಹಲವರು ಮೊದಲ ದಿನವೇ ಎಡವುವುದು ಇಲ್ಲಿ. ಒಮ್ಮೆ ತಪ್ಪು ದಿಕ್ಕಿಗೆ ಸರಿಸಿದರೆ ಮುಂದಿನ ಬಾಣ ಇನ್ನಷ್ಟು ದೂರ ಹೋಗುತ್ತದೆ, ಹಲಗೆಯನ್ನೇ ತಪ್ಪಿಸಿಕೊಳ್ಳಲೂಬಹುದು. ಹಾಗಾಗಿ ಇದು ಸುರಕ್ಷತೆಯ ಪ್ರಶ್ನೆಯೂ ಹೌದು.

ಹೀಗೇಕೆ?

ಸೈಟ್‌ನ ಪಿನ್ ಬಿಲ್ಲಿಗೇ ಅಂಟಿಕೊಂಡಿರುತ್ತದೆ. ಪಿನ್ನನ್ನು ಎಡಕ್ಕೆ ಸರಿಸಿದ್ದೀರಿ ಎಂದುಕೊಳ್ಳಿ. ಈಗ ಅದು ಗುರಿಯ ಎಡಕ್ಕೆ ಕಾಣುತ್ತದೆ. ಅದನ್ನು ಮತ್ತೆ ಗುರಿಯ ಮೇಲೆ ತರಲು ನೀವು ಇಡೀ ಬಿಲ್ಲನ್ನೇ ಬಲಕ್ಕೆ ತಿರುಗಿಸಬೇಕು. ಬಿಲ್ಲಿನ ಜೊತೆ ಬಾಣವೂ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಬೀಳುತ್ತಿದ್ದ ಬಾಣ ನಡುವಿಗೆ ಬರುವುದು ಹೀಗೆ.

ಮೇಲೆ-ಕೆಳಗೂ ಇದೇ ಲೆಕ್ಕ. ಬಾಣ ಮೇಲೆ ಬಿದ್ದರೆ ಪಿನ್ ಮೇಲಕ್ಕೆ, ಕೆಳಗೆ ಬಿದ್ದರೆ ಕೆಳಕ್ಕೆ. ಬಲಗೈಯವರಿಗೂ ಎಡಗೈಯವರಿಗೂ ನಿಯಮ ಒಂದೇ.

ಎಷ್ಟು ಸರಿಸಬೇಕು?

ಕಣ್ಣಿನಿಂದ ಪಿನ್ನಿಗೆ 80 ಸೆಂ.ಮೀ. ದೂರವಿದ್ದು, 20 ಮೀಟರ್ ಆಚೆಯ ಗುರಿಯಲ್ಲಿ ಬಾಣ 10 ಸೆಂ.ಮೀ. ಎಡಕ್ಕೆ ಬಿದ್ದಿದೆ ಎಂದಿಟ್ಟುಕೊಳ್ಳೋಣ. 20 ಮೀಟರ್ ಎಂದರೆ 80 ಸೆಂ.ಮೀ.ನ 25 ಪಟ್ಟು. 10 ಸೆಂ.ಮೀ.ಯನ್ನು 25ರಿಂದ ಭಾಗಿಸಿದರೆ ಬರುವುದು ಬರೀ 4 ಮಿ.ಮೀ. ಅಷ್ಟೇ ಸಾಕು!

ದೂರ ಬದಲಾದರೆ?

ಬಾಣ ನೇರ ಗೆರೆಯಲ್ಲಿ ಹಾರುತ್ತದೆ ಎಂಬುದೂ ತಪ್ಪು ಕಲ್ಪನೆ. ಸೆಕೆಂಡಿಗೆ 60 ಮೀಟರ್ ವೇಗದ ಬಾಣಕ್ಕೆ 20 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲೇ ಗುರುತ್ವ ಅದನ್ನು ಸುಮಾರು 54 ಸೆಂ.ಮೀ. ಕೆಳಕ್ಕೆ ಎಳೆದಿರುತ್ತದೆ. ದೂರ ಹೆಚ್ಚಿದಂತೆ ಬಿಲ್ಲನ್ನು ಹೆಚ್ಚು ಎತ್ತಬೇಕು, ಅಂದರೆ ಪಿನ್ ಇನ್ನೂ ಕೆಳಗಿರಬೇಕು. ಹಲವು ಪಿನ್‌ಗಳಿರುವ ಸೈಟ್‌ನಲ್ಲಿ ದೂರದ ಗುರಿಗೆ ಕೆಳಗಿನ ಪಿನ್ ಬಳಸುವುದು ಇದಕ್ಕೇ.

ಹೊಂದಿಸುವ ಕ್ರಮ

1. ದೊಡ್ಡ ಗುರಿಯ ಮುಂದೆ, 10 ಮೀಟರ್ ದೂರದಿಂದ ಶುರುಮಾಡಿ.
2. ಒಂದೇ ಬಾಣ ನೋಡಿ ಸೈಟ್ ಮುಟ್ಟಬೇಡಿ. ಒಂದೇ ಬಿಂದುವಿಗೆ ಗುರಿಯಿಟ್ಟು ಮೂರು ಬಾಣ ಬಿಡಿ.
3. ಮೂರೂ ಒಂದೆಡೆ ಗುಂಪಾಗಿ ಬಿದ್ದರೆ, ಆ ಗುಂಪಿನ ನಡುಭಾಗದ ಕಡೆಗೆ ಪಿನ್ ಸರಿಸಿ. ಚದುರಿ ಬಿದ್ದಿದ್ದರೆ ಮೊದಲು ನಿಮ್ಮ ನಿಲುವು, ಹಿಡಿತ, ಹೆದೆ ಬಿಡುವ ರೀತಿ ಸರಿಮಾಡಿಕೊಳ್ಳಿ.
4. ಸ್ಕ್ರೂ ಬಿಗಿಮಾಡಿ ಮತ್ತೆ ಮೂರು ಬಾಣ ಬಿಟ್ಟು ನೋಡಿ. ಸರಿಯಾದ ಮೇಲಷ್ಟೇ 20, 30 ಮೀಟರ್‌ಗೆ ಹೋಗಿ.

ಎಚ್ಚರಿಕೆ

ಗುರಿಯ ಹಿಂದೆ ಬಾಣ ತಡೆಯುವ ಗಟ್ಟಿ ಆಸರೆ ಇಲ್ಲದ ಕಡೆ, ಜನ ಓಡಾಡುವ ಕಡೆ ಅಭ್ಯಾಸ ಬೇಡವೇ ಬೇಡ. ಬಾಣವಿಲ್ಲದೆ ಹೆದೆ ಎಳೆದು ಬಿಡಲೂ ಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ತಿರುಗಿ, ಅದು ಸೀಳಬಹುದು. ಮೊದಲ ಸಲ ತರಬೇತುದಾರರ ಎದುರಿನಲ್ಲೇ ಹೊಂದಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಮಾತು

ಬಾಣ ಬಿದ್ದ ಕಡೆಗೇ ಪಿನ್. ಬಿಲ್ಲು ಹಿಡಿಯುವ ಗೆಳೆಯರಿಗೆ ಫಾರ್ವರ್ಡ್ ಮಾಡುವುದಾದರೆ ಈ ಸಾಲನ್ನು ಮಾಡಿ ಎಂಬುದು ನಮ್ಮ ಕೋರಿಕೆ.