ಹರಿಯುವ ಕಾಲುವೆ, ನಿಲ್ಲದ ಯಂತ್ರ

ಹೊಸಪೇಟೆಯಿಂದ ಕಡ್ಡಿರಾಂಪುರದ ದಾರಿ ಹಿಡಿದು ಹಂಪೆಗೆ ಹೊರಟರೆ ಬಾಳೆಯ ತೋಟಗಳು ಕಣ್ಣು ತುಂಬುತ್ತವೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಈ ಸೀಮೆಗೆ ಇಂದಿಗೂ ನೀರುಣಿಸುತ್ತಿವೆ. ತೂಬಿನ ಬಾಗಿಲು ಸರಿಯಾಗಿ ಏಳುವುದೋ ಇಲ್ಲವೋ ಎಂದು ನೋಡಲು, ಬೆಳೆ ನಿಂತಿರುವಾಗ ಕಾಲುವೆಯನ್ನೇ ಒಣಗಿಸುವವರುಂಟೆ? ಕಂಪ್ಯೂಟರನ್ನು ನಡೆಸುವವರಿಗೂ ಇಂಥದೇ ಒಂದು ಚಿಂತೆಯುಂಟು.

ಗುಂಡಿ ಒತ್ತಿದಾಗ ಆ ಯಂತ್ರಕ್ಕೆ ಏನೂ ತಿಳಿಯದು. ಮೊದಲು ಏನನ್ನು ಓದಬೇಕೆಂದು ಹೇಳಿಕೊಡುವ ಪುಟ್ಟ ಆಜ್ಞಾಮಾಲೆಯೇ ‘ಬೂಟ್ ಲೋಡರ್’. 1949ರ ಮೇ 6ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ಮೊದಲ ಲೆಕ್ಕ ಮಾಡಿದಾಗ, ಡೇವಿಡ್ ವೀಲರ್ ರಚಿಸಿದ 31 ಆಜ್ಞೆಗಳು ಟೆಲಿಫೋನ್ ಸ್ವಿಚ್ಚುಗಳಲ್ಲಿ ಅಡಕವಾಗಿದ್ದವು. ಬೇರೆಡೆ ತಪ್ಪಾದರೆ ಯಂತ್ರದಿಂದಲೇ ತಿದ್ದಬಹುದು. ಇಲ್ಲಿ ತಪ್ಪಿದರೆ ಯಂತ್ರವೇ ಏಳದು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡಂತೆ! ಪರೀಕ್ಷಿಸಲು ಯಂತ್ರವನ್ನು ನಿಲ್ಲಿಸೋಣವೆಂದರೆ, ಅದರ ಮುಂದೆ ಸರದಿ ಕಾಯುವವರು ಹಲವರು.

ಇದಕ್ಕೆ ಸೊಗಸಾದ ಉಪಾಯ ದೊರೆತದ್ದು 1967ರ ಜನವರಿಯಲ್ಲಿ, ಅಮೆರಿಕದ ಕೇಂಬ್ರಿಜ್‌ನಲ್ಲಿ. ಐಬಿಎಂ 360 ಮಾದರಿಯ ಒಂದೇ ಯಂತ್ರದೊಳಗೆ ‘ಸಿಪಿ-40’ ವ್ಯವಸ್ಥೆ 14 ಕಲ್ಪಿತ ಯಂತ್ರಗಳನ್ನು ನಿರ್ಮಿಸಿತು. ಪ್ರತಿಯೊಬ್ಬನೂ ಯಂತ್ರವೆಲ್ಲ ತನ್ನದೇ ಎಂದು ಭಾವಿಸಿ, ತನ್ನ ಪಾಲಿನದನ್ನು ಮೊದಲಿನಿಂದ ಎಬ್ಬಿಸಿ ನೋಡಬಹುದಿತ್ತು. ಅದು ಕುಸಿದರೂ ಮಿಕ್ಕ 13ಕ್ಕೆ ಸುಳಿವೇ ಇಲ್ಲ! ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ 1970ರಲ್ಲಿ ಗಣಕ ಕೇಂದ್ರ ತೆರೆದಾಗ ಅಲ್ಲಿಗೆ ಬಂದದ್ದೂ 360ರ ಕುಲದ ಯಂತ್ರವೇ.

ದೊಡ್ಡ ಸಂಸ್ಥೆಗಳ ಈ ಭಾಗ್ಯ ಕ್ರಮೇಣ ಮನೆಯ ಮೇಜಿಗೂ ಬಂದಿತು. 1995ರಲ್ಲಿ ಎರಿಕ್ ಬೊಲೈನ್ ಆರಂಭಿಸಿದ ‘ಗ್ರಬ್’ ಎಂಬ ಬೂಟ್ ಲೋಡರಿಗೆ ಮುಂದೆ ಎರಡು ನೆರವುಗಳು ಕೂಡಿದವು. ‘ಗ್ರಬ್-ಸ್ಕ್ರಿಪ್ಟ್-ಚೆಕ್’ ಆಜ್ಞೆಗಳನ್ನು ನಡೆಸದೆಯೇ ಅವುಗಳ ವ್ಯಾಕರಣವನ್ನು ತಿದ್ದಿಕೊಳ್ಳಲು ತೋರಿಸುತ್ತದೆ. ‘ಗ್ರಬ್-ಎಮು’ ಯಂತ್ರವನ್ನು ನಿಲ್ಲಿಸದೆ ಆರಂಭದ ಪಟ್ಟಿಯನ್ನು ಕಣ್ಣಮುಂದಿಡುತ್ತದೆ. 2003ರಲ್ಲಿ ಫಾಬ್ರಿಸ್ ಬೆಲ್ಲಾರ್ ಹೊರತಂದ ‘ಕ್ಯೂಇಎಂಯು’ ಇಡೀ ಕಲ್ಪಿತ ಕಂಪ್ಯೂಟರನ್ನೇ ಒದಗಿಸಿತು.

ಆದರೂ ತಾಲೀಮು ತಾಲೀಮೇ; ನಿಜವಾದ ಡಿಸ್ಕಿನ ಸವೆತವನ್ನು ಕಲ್ಪಿತ ಯಂತ್ರ ಅರಿಯದು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಆಗ ಜಲಾಶಯವನ್ನು ಬರಿದುಮಾಡದೆ, ಹರಿವ ನೀರಿನಲ್ಲೇ ತಡೆಗೇಟು ಇಳಿಸಬೇಕಾಯಿತು. ಹೊಳೆ ಯಾರಿಗೂ ತಾಲೀಮಿಗೆ ಬಿಡುವು ಕೊಡಲಿಲ್ಲ. ಯಂತ್ರ ಆ ಬಿಡುವನ್ನು ಕೊಡುತ್ತದೆ. ಕೊಟ್ಟಾಗ ಬಳಸಿಕೊಳ್ಳುವುದು, ಜೊತೆಗೆ ಹಳೆಯ ಬೀಗದ ಕೈಯೊಂದನ್ನು ಹೊರಗಿರಿಸಿಕೊಳ್ಳುವುದು ಜಾಣತನ.