ಮಾಜಿ ಅಧ್ಯಕ್ಷರ ಮಾತಿನ ತೂಕ: ಜಿಮ್ಮಿ ಕಾರ್ಟರ್ ಮತ್ತು ಪೂರ್ವ ತಿಮೋರ್

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ತೀರಿಕೊಂಡರು. ಆಗ ಬಂದ ಶ್ರದ್ಧಾಂಜಲಿ ಬರಹಗಳ ಧಾಟಿ ಹೆಚ್ಚುಕಡಿಮೆ ಒಂದೇ: ಅಧ್ಯಕ್ಷಗಿರಿಯಲ್ಲಿ ಸೋತರು, ಮಾಜಿಯಾಗಿ ಗೆದ್ದರು. ಇದನ್ನು ಒಪ್ಪದವರು 1977ರಿಂದ 1981ರವರೆಗಿನ ಕಡತ ಬಿಚ್ಚಿ, ಇಂಥವರಿಗೆ ಜಗತ್ತಿಗೆ ಬುದ್ಧಿ ಹೇಳುವ ಹಕ್ಕೆಲ್ಲಿಂದ ಬಂತು ಎಂದು ಕೇಳುತ್ತಾರೆ. ಎರಡೂ ಪಕ್ಷದವರು ಮಾಡುವುದು ಜಮಾ-ಖರ್ಚಿನ ಲೆಕ್ಕವನ್ನೇ. ಕಾರ್ಟರ್ ಅವರ ನೈತಿಕ ಅಧಿಕಾರವು ಅವರ ಸಜ್ಜನಿಕೆಗಿಂತ ಹೆಚ್ಚಾಗಿ, ಬೇರೆಯವರು ಪರಿಶೀಲಿಸಿ ನೋಡಬಹುದಾದ ಕೆಲಸದಿಂದ ಬಂದದ್ದು; ಆ ಕೆಲಸ ಇಲ್ಲದ ಕಡೆ ಅದು ಸಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಅಧಿಕಾರ ಸ್ವೀಕಾರದ ಭಾಷಣದಲ್ಲೇ ಮಾನವ ಹಕ್ಕುಗಳ ವಿಷಯದಲ್ಲಿ ರಾಜಿಯಿಲ್ಲ ಎಂದು ಸಾರಿದವರು ಅವರು. ಅರ್ಜೆಂಟೀನಾದ ಸೇನಾಡಳಿತಕ್ಕೆ ಹೋಗುತ್ತಿದ್ದ ನೆರವಿಗೆ ಕತ್ತರಿ ಬಿತ್ತು. 1977ರ ಕೊನೆಯ ರಾತ್ರಿ ಟೆಹರಾನಿನ ಔತಣಕೂಟದಲ್ಲಿ ಶಾ ಆಳುತ್ತಿದ್ದ ಇರಾನನ್ನು ಸ್ಥಿರತೆಯ ದ್ವೀಪವೆಂದು ಹೊಗಳಿದರು. ಮರುದಿನ ದೆಹಲಿಗೆ ಬಂದಿಳಿದು, ತುರ್ತು ಪರಿಸ್ಥಿತಿಯಿಂದ ಆಗಷ್ಟೇ ಹೊರಬಂದಿದ್ದ ಭಾರತದ ಪ್ರಜಾಪ್ರಭುತ್ವವನ್ನು ಕೊಂಡಾಡಿದರು. ಹರಿಯಾಣದ ದೌಲತ್‌ಪುರ ನಸೀರಾಬಾದ್ ಎಂಬ ಹಳ್ಳಿ ಆ ಭೇಟಿಯ ನೆನಪಿಗೆ ಕಾರ್ಟರ್‌ಪುರಿ ಆಯಿತು. ಮೈಕ್ ಚಾಲೂ ಇರುವುದು ತಿಳಿಯದೆ, ಮೊರಾರ್ಜಿ ದೇಸಾಯಿಯವರಿಗೆ ತಣ್ಣಗಿನ, ಖಡಕ್ಕಾದ ಒಂದು ಪತ್ರ ಬರೆಯಬೇಕು ಎಂದು ತಮ್ಮ ವಿದೇಶಾಂಗ ಕಾರ್ಯದರ್ಶಿಗೆ ಹೇಳಿ ಸಿಕ್ಕಿಬಿದ್ದದ್ದೂ ಆಗಲೇ. 1980ರ ಫೆಬ್ರವರಿಯಲ್ಲಿ ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ, ನಮ್ಮ ಸೇನೆಗೆ ನೆರವು ಕೊಡಬೇಡಿ ಎಂದು ಕಾರ್ಟರ್‌ಗೆ ಬರೆದರು. ಮಾರ್ಚ್ 24ರಂದು ಪೂಜೆ ನಡೆಸುತ್ತಿದ್ದಾಗಲೇ ರೊಮೆರೊ ಅವರನ್ನು ಗುಂಡಿಟ್ಟು ಕೊಂದರು. ಆ ಕೊಲೆಯಿಂದಲೂ ನೆರವು ನಿಲ್ಲಲಿಲ್ಲ.

ಇಂಥ ಹಿನ್ನೆಲೆಯ ಮನುಷ್ಯ 1989ರ ಮೇ ತಿಂಗಳಲ್ಲಿ ಪನಾಮಾದ ಚುನಾವಣೆ ನೋಡಲು ಹೋದರು. ಕಾಲುವೆಯನ್ನು ಪನಾಮಾಕ್ಕೆ ಬಿಟ್ಟುಕೊಡುವ 1977ರ ಒಪ್ಪಂದಗಳಿಗೆ ಸಹಿ ಹಾಕಿದವರು ಅವರೇ ಆದ್ದರಿಂದ ಅಲ್ಲಿನ ಸರ್ವಾಧಿಕಾರಿ ಜನರಲ್ ನೊರಿಯೇಗಾ ಅವರನ್ನು ಒಳಗೆ ಬಿಟ್ಟರು. ಬಾಗಿಲು ತೆರೆದದ್ದು ಹಳೆಯ ಹುದ್ದೆ, ನಿಜ. ಆದರೆ ಒಳಗೆ ಹೋದ ಮೇಲೆ ಅವರ ಕೈಗೆ ಬಲ ಬಂದದ್ದು ಎಣಿಕೆಯ ಹಾಳೆಗಳಿಂದ. ಮತಗಟ್ಟೆಗಳಲ್ಲಿ ಸಹಿಯಾದ ಹಾಳೆಗಳು ವಿರೋಧ ಪಕ್ಷದ ಭಾರೀ ಗೆಲುವನ್ನು ತೋರಿಸುತ್ತಿದ್ದವು. ಎಣಿಕೆ ಕೇಂದ್ರದಲ್ಲಿ ಹಾಜರಾದ ಹಾಳೆಗಳು ಬೇರೆಯೇ ಆಗಿದ್ದವು. ಕಾರ್ಟರ್ ಅಲ್ಲಿಯೇ ವೇದಿಕೆ ಹತ್ತಿ, ನೀವು ಪ್ರಾಮಾಣಿಕರೋ ಕಳ್ಳರೋ ಎಂದು ತಮ್ಮ ಅರೆಬರೆ ಸ್ಪ್ಯಾನಿಷ್‌ನಲ್ಲಿ ಅಧಿಕಾರಿಗಳನ್ನು ಕೂಗಿ ಕೇಳಿದರು. ಆಮೇಲೆ ಹೋಟೆಲಿನಲ್ಲಿ ಪತ್ರಕರ್ತರನ್ನು ಸೇರಿಸಿ, ಇದು ವಂಚನೆ ಎಂದರು. ಆ ಮಾತನ್ನು ಜಗತ್ತು ನಂಬಿದ್ದಕ್ಕೆ ಹೇಳಿದವರ ಧಾರ್ಮಿಕ ನಿಷ್ಠೆಯೊಂದೇ ಕಾರಣವಾಗಿದ್ದರೆ ನೊರಿಯೇಗಾ ಅದನ್ನು ಸುಲಭವಾಗಿ ತಳ್ಳಿಹಾಕಬಹುದಿತ್ತು.

ನಾರುಹುಣ್ಣಿನ ವಿಷಯವೂ ಇಂಥದ್ದೇ. ಉತ್ತರ ಕರ್ನಾಟಕದ ಹಳ್ಳಿಗಳ ಹಿರಿಯರಿಗೆ ಈ ರೋಗ ಅಪರಿಚಿತವಲ್ಲ: ಮೆಟ್ಟಿಲು ಬಾವಿಯ, ಕೆರೆಯ ನೀರು ಕುಡಿದವರ ಕಾಲಿನಿಂದ ಒಂದು ವರ್ಷದ ಮೇಲೆ ದಾರದಂಥ ಹುಳು ಹೊರಬರುತ್ತದೆ, ತುಂಡಾಗದಂತೆ ಕಡ್ಡಿಗೆ ಸುತ್ತುತ್ತ, ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಭಾರತ ಇದನ್ನು 1980ರ ದಶಕದಲ್ಲಿ ಶುರುಮಾಡಿದ ತನ್ನದೇ ರಾಷ್ಟ್ರೀಯ ಕಾರ್ಯಕ್ರಮದಿಂದ ಓಡಿಸಿತು, 2000ದಲ್ಲಿ ರೋಗಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು. ಕಾರ್ಟರ್ ಭಕ್ತರು ಇದನ್ನು ಮರೆಯುವುದುಂಟು. ಅವರು ಅಟ್ಲಾಂಟಾದಲ್ಲಿ ಕಟ್ಟಿದ ಕಾರ್ಟರ್ ಕೇಂದ್ರ ಕೈಹಾಕಿದ 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ಪ್ರಕರಣಗಳಿದ್ದವು, 2023ರಲ್ಲಿ 14. ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ನೀರು ಸೋಸುವ ಬಟ್ಟೆ, ಕೀಟನಾಶಕ, ಹಳ್ಳಿಹಳ್ಳಿ ತಿರುಗುವ ಜನ, ಇಷ್ಟೇ. ನೈಜೀರಿಯಾದಲ್ಲಿ ಯಾಕುಬು ಗೋವನ್, ಮಾಲಿಯಲ್ಲಿ ಅಮಾದು ತುಮಾನಿ ತುರೆ, ಇಬ್ಬರು ಮಾಜಿ ಸೇನಾ ಆಡಳಿತಗಾರರು ಈ ಕೆಲಸಕ್ಕೆ ತಿರುಗಾಡಿದರು. 1995ರಲ್ಲಿ ಸುಡಾನಿನ ಅಂತರ್ಯುದ್ಧದ ಎರಡೂ ಬಣಗಳನ್ನು ಒಪ್ಪಿಸಿ ಕಾರ್ಟರ್ ಈ ಹುಳುವಿಗಾಗಿ ಕದನವಿರಾಮ ಮಾಡಿಸಿದರು. ಅದು ಸುಮಾರು ಆರು ತಿಂಗಳು ನಿಂತಿತು.

ಪರಿಶೀಲನೆಗೆ ಸಿಗುವ ಇಂಥ ಕೆಲಸ ಬೆನ್ನಿಗಿಲ್ಲದಾಗ ಅವರ ಮಾತಿನ ತೂಕ ಇಳಿದದ್ದನ್ನೂ ಹೇಳಬೇಕು. 1990ರ ನವೆಂಬರಿನಲ್ಲಿ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರಗಳ ನಾಯಕರಿಗೆ ಪತ್ರ ಬರೆದು, ಕೊಲ್ಲಿ ಯುದ್ಧದ ಕುರಿತು ತಮ್ಮದೇ ದೇಶದ ನಿಲುವಿನ ವಿರುದ್ಧ ಒತ್ತಾಯಿಸಿದರು. 1994ರಲ್ಲಿ ಪ್ಯೊಂಗ್ಯಾಂಗಿನಿಂದ ಟಿವಿಯಲ್ಲಿ ಉತ್ತರ ಕೊರಿಯಾದ ಅಣು ಕಾರ್ಯಕ್ರಮದ ಕುರಿತ ಒಪ್ಪಂದ ಸಾರಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದರು. ಪ್ಯಾಲೆಸ್ಟೀನ್ ಕುರಿತ ಅವರ ಪುಸ್ತಕ ಬಂದ ಮೇಲೆ, 2007ರ ಜನವರಿಯಲ್ಲಿ, ಕಾರ್ಟರ್ ಕೇಂದ್ರದ ಸಲಹಾ ಮಂಡಳಿಯಿಂದ 14 ಮಂದಿ ಹೊರನಡೆದರು. ಇವುಗಳಲ್ಲಿ ಕಾರ್ಟರ್ ಹೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಅವರೇ ಸರಿ ಎಂದು ನನ್ನ ಅನಿಸಿಕೆ. ಆದರೆ ಆ ಮಾತುಗಳು ವಾದವಾಗಿಯೇ ಗೆಲ್ಲಬೇಕಿತ್ತು, ಹೇಳಿದವರ ಹೆಸರಿನಿಂದ ಗೆಲ್ಲುವಂತಿರಲಿಲ್ಲ.

ಈ ಚರ್ಚೆಯ ನಿಜವಾದ ಪರೀಕ್ಷಾಸ್ಥಳ ಪೂರ್ವ ತಿಮೋರ್. 1975ರ ಡಿಸೆಂಬರಿನಲ್ಲಿ ಇಂಡೊನೇಷ್ಯಾ ಅದರ ಮೇಲೆ ದಾಳಿ ಮಾಡಿದಾಗ ಅಧ್ಯಕ್ಷರಾಗಿದ್ದವರು ಫೋರ್ಡ್. ಆದರೆ ಬೆಟ್ಟಗಳಿಗೆ ಓಡಿಹೋದ ಜನರ ಮೇಲೆ ಬಾಂಬು ಸುರಿದ, ಬೆಳೆ ನಾಶವಾಗಿ ಹಸಿವು ಹಬ್ಬಿದ 1977–78ರ ಕಾಲ ಕಾರ್ಟರ್ ಅವರದು. 1978ರ ಮೇ ತಿಂಗಳಲ್ಲಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಜಕಾರ್ತಾಕ್ಕೆ ಹೋದರು. ಇಂಡೊನೇಷ್ಯಾಕ್ಕೆ ಎ-4 ಸ್ಕೈಹಾಕ್ ಯುದ್ಧವಿಮಾನಗಳ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. 1965ರಿಂದ ಅಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಬಿಡುಗಡೆಯ ವಿಷಯವೂ ಅದೇ ಮಾತುಕತೆಯಲ್ಲಿತ್ತು. ಮಾನವ ಹಕ್ಕಿನ ನೀತಿ ಮರೆತುಹೋಗಿತ್ತು ಎಂಬ ವಿವರಣೆ ಆದ್ದರಿಂದ ಸಾಲದು. ಅದು ಜಾರಿಯಲ್ಲಿದ್ದಾಗಲೇ, ಅದೇ ಮೇಜಿನ ಮೇಲೆ, ತಿಮೋರಿನವರು ಲೆಕ್ಕಕ್ಕೆ ಬರಲಿಲ್ಲ.

ಇಪ್ಪತ್ತೊಂದು ವರ್ಷದ ನಂತರ, 1999ರ ಆಗಸ್ಟ್ 30ರ ಜನಮತಗಣನೆಗೆ ಕಾರ್ಟರ್ ಕೇಂದ್ರದ ವೀಕ್ಷಕರು ತಿಮೋರಿನ ರಾಜಧಾನಿ ದಿಲಿಯಲ್ಲಿದ್ದರು. ಮಿಲಿಷಿಯಾಗಳ ಬೆದರಿಕೆಯ ಹಿಂದೆ ಇಂಡೊನೇಷ್ಯಾ ಸೇನೆಯ ಕೈಯಿದೆ ಎಂದು ಮತದಾನಕ್ಕೆ ಮೊದಲೇ ಬಹಿರಂಗವಾಗಿ ಹೇಳಿದರು. ಶೇ. 78.5ರಷ್ಟು ಜನ ಸ್ವಾತಂತ್ರ್ಯದ ಪರ ನಿಂತರು. ಆಮೇಲೆ ಊರುಗಳು ಉರಿದವು. ವೀಕ್ಷಕರ ಸಾಕ್ಷ್ಯ ನಿಂತದ್ದು ಅವರು ಕಣ್ಣಾರೆ ಕಂಡದ್ದರ ಮೇಲೆ. ಸಂಸ್ಥಾಪಕರ ಹಿಂದಿನ ಆಡಳಿತ ಏನು ಮಾಡಿತ್ತೆಂಬುದು ಅದನ್ನು ಸುಳ್ಳು ಮಾಡಲಿಲ್ಲ. ಆದರೆ ಪನಾಮಾದ ಅಧಿಕಾರಿಗಳಿಗೆ ಕೇಳಿದ್ದಷ್ಟೇ ನೇರವಾದ ಪ್ರಶ್ನೆಯನ್ನು 1978ರ ಶ್ವೇತಭವನದ ಕಡತಗಳಿಗೂ ಕೇಳಬೇಕಾಗುತ್ತದೆ, ಮತ್ತು ಅದನ್ನು ಕೇಳಲು ಕಾರ್ಟರ್ ಕೇಂದ್ರ ತಕ್ಕ ಸಂಸ್ಥೆಯಲ್ಲ.

ಕೇಳಿದ್ದು ತಿಮೋರಿನ ಸತ್ಯಶೋಧನಾ ಆಯೋಗ. 1974ರಿಂದ 1999ರವರೆಗೆ ಸಂಘರ್ಷದಿಂದ ಸತ್ತವರು ಕನಿಷ್ಠ 1,02,800 ಎಂದು 2005ರ ವರದಿಯಲ್ಲಿ ಅದು ಅಂದಾಜು ಮಾಡಿತು. ಅವರಲ್ಲಿ ಸುಮಾರು 84,200 ಮಂದಿಯನ್ನು ಕೊಂದದ್ದು ಹಸಿವು ಮತ್ತು ರೋಗ. ಪರಿಹಾರದ ಹೊಣೆಯನ್ನು ಇಂಡೊನೇಷ್ಯಾದ ಜೊತೆಗೆ ಭದ್ರತಾ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರಗಳೂ ಹೊರಬೇಕೆಂದು ಆಯೋಗ ಶಿಫಾರಸು ಮಾಡಿತು.