ಎಡಗಾಲು ಮತ್ತು ನೆಲ

ಕಿಕ್‌ಬಾಕ್ಸಿಂಗ್‌ನಲ್ಲಿ ಹೊಡೆತ ತಿಂದು ಬಿದ್ದವನಿಗೆ ರೆಫ್ರಿ ಅಂಕಿ ಎಣಿಸುತ್ತಾನೆ. ಎದುರಾಳಿ ದೂರ ಸರಿದು ಕಾಯಬೇಕು. ಮಿಶ್ರ ಸಮರಕಲೆಯಲ್ಲಿ, ಅಂದರೆ ಎಂಎಂಎಯಲ್ಲಿ, ಆ ಬಿಡುವು ಸಿಗದು. ಬಿದ್ದವನ ಮೇಲೆ ಎದುರಾಳಿ ಏರಿ ಕೂರುತ್ತಾನೆ, ಗುದ್ದುತ್ತಾನೆ, ಕೈಯನ್ನೋ ಕತ್ತನ್ನೋ ಹಿಡಿದು ತಿರುಚುತ್ತಾನೆ. ನಿಂತು ಹೊಡೆಯುವುದನ್ನೇ ಕಲಿತು ಬೆಳೆದವನಿಗೆ ಈ ನೆಲ ಪರದೇಶವಿದ್ದಂತೆ. ಕ್ರೊಯೇಷಿಯಾದ ಹೆವಿವೇಟ್ ಆಟಗಾರ ಮಿರ್ಕೊ ಫಿಲಿಪೊವಿಚ್‌ನ ಬದುಕನ್ನು ನಾನು ಆ ಪರದೇಶದ ಭಾಷೆ ಕಲಿತವನ ಕಥೆಯಾಗಿ ಓದುತ್ತೇನೆ.

ಅವನು ಹುಟ್ಟಿದ್ದು 1974ರಲ್ಲಿ, ಆಗಿನ ಯುಗೊಸ್ಲಾವಿಯಾದ ವಿಂಕೋವ್ಸಿಯಲ್ಲಿ. ಹದಿನೇಳು ತುಂಬುವ ಹೊತ್ತಿಗೆ ಆ ಸೀಮೆಯಲ್ಲೇ ಯುದ್ಧ ಹೊತ್ತಿಕೊಂಡಿತ್ತು. ಮುಂದೆ ಸ್ವತಂತ್ರ ಕ್ರೊಯೇಷಿಯಾದ ಪೊಲೀಸ್ ಇಲಾಖೆಯ ಭಯೋತ್ಪಾದನಾ ನಿಗ್ರಹ ದಳದಲ್ಲಿ ಕೆಲಸ ಮಾಡಿದ. ಹಾಗಾಗಿ ಜಪಾನಿನ ಕೆ-1 ಕಣದಲ್ಲಿ ಅವನಿಗೆ ಅಂಟಿದ ಹೆಸರು 'ಕ್ರೋ ಕಾಪ್', ಕ್ರೊಯೇಷಿಯಾದ ಪೊಲೀಸ. 1996ರಲ್ಲಿ ಅಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಫ್ರಾನ್ಸಿನ ಜೆರೋಮ್ ಲೆ ಬ್ಯಾನರ್‌ನನ್ನು ಸೋಲಿಸಿದ. 1999ರ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಡಚ್ ಆಟಗಾರ ಅರ್ನೆಸ್ಟೊ ಹೂಸ್ಟ್‌ಗೆ ಸೋತ. ಬಲಗಾಲಿಗೆ ಸಿಕ್ಕರೆ ಆಸ್ಪತ್ರೆ, ಎಡಗಾಲಿಗೆ ಸಿಕ್ಕರೆ ಸ್ಮಶಾನ ಎಂದು ಅಭಿಮಾನಿಗಳು ಅವನ ಒದೆತವನ್ನು ಈಗಲೂ ಬಣ್ಣಿಸುತ್ತಾರೆ.

2001ರಲ್ಲಿ ಎಂಎಂಎಗೆ ಕಾಲಿಟ್ಟ. ಮೊದಲ ಪಂದ್ಯದಲ್ಲಿ ಕಾಲು ಹಿಡಿಯಲು ನುಗ್ಗಿದ ಜಪಾನಿನ ಕಝುಯುಕಿ ಫುಜಿತಾನ ಮುಖಕ್ಕೆ ಮೊಣಕಾಲು ತಗುಲಿ ರಕ್ತ ಸುರಿಯಿತು. ಒಂದು ನಿಮಿಷದೊಳಗೆ ಆಟ ಮುಗಿಯಿತು. ಆದರೆ ಎಲ್ಲರೂ ಹಾಗೆ ಮೊಣಕಾಲಿಗೆ ತಲೆ ಕೊಡುವುದಿಲ್ಲ. ಎದುರಾಳಿ ನುಗ್ಗಿದಾಗ ಕಾಲುಗಳನ್ನು ಹಿಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಅವನ ಬೆನ್ನ ಮೇಲೆ ಹೇರುವುದನ್ನು ಮಿರ್ಕೊ ರೂಢಿಸಿಕೊಂಡ. ನೆಲದ ವಿದ್ಯೆಗಾಗಿ ಬ್ರೆಜಿಲ್‌ನ ಫ್ಯಾಬ್ರಿಸಿಯೊ ವೆರ್ಡುಮ್‌ನ ಜೊತೆ ಅಭ್ಯಾಸ ಮಾಡಿದ. ಈ ನಡುವೆ 2003ರ ಚುನಾವಣೆಯಲ್ಲಿ ತನ್ನ ದೇಶದ ಸಂಸತ್ತಿಗೂ ಆಯ್ಕೆಯಾದ. 2005ರಲ್ಲಿ ರಷ್ಯಾದ ಫೆಡೊರ್ ಎಮೆಲಿಯಾನೆಂಕೊನ ಎದುರು ಇಪ್ಪತ್ತು ನಿಮಿಷ ಪೂರ್ತಿ ಸೆಣಸಿ, ತೀರ್ಪಿನಲ್ಲಿ ಸೋತ. 2006ರ ಸೆಪ್ಟೆಂಬರ್ 10ರಂದು, ತನ್ನ 32ನೇ ಹುಟ್ಟುಹಬ್ಬದ ದಿನ, ಒಂದೇ ರಾತ್ರಿ ವಾಂಡರ್ಲೇ ಸಿಲ್ವ ಮತ್ತು ಜಾಶ್ ಬಾರ್ನೆಟ್ ಇಬ್ಬರನ್ನೂ ಸೋಲಿಸಿ ಪ್ರೈಡ್ ಗ್ರ್ಯಾನ್ ಪ್ರಿ ಗೆದ್ದ.

ಏಳೇ ತಿಂಗಳಲ್ಲಿ ಎಲ್ಲ ತಲೆಕೆಳಗಾಯಿತು. 2007ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎದುರಿಗಿದ್ದವನು ಗೇಬ್ರಿಯಲ್ ಗೊಂಝಾಗ, ಜುಜುತ್ಸು ಪಟು. ಮೊದಲ ಸುತ್ತಿನಲ್ಲೇ ಮಿರ್ಕೊನನ್ನು ಕೆಡವಿ ಮೊಣಕೈಯಿಂದ ಜಜ್ಜಿದ. ರೆಫ್ರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಗೊಂಝಾಗನ ಬಲಗಾಲು ಮಿರ್ಕೊನ ತಲೆಗೆ ಬಡಿಯಿತು. ಲೋಕ ಯಾರ ಒದೆತಕ್ಕೆ ಅಂಜುತ್ತಿತ್ತೋ ಅವನೇ ಒದೆತಕ್ಕೆ ಪ್ರಜ್ಞೆ ತಪ್ಪಿ ಕುಸಿದ.

ಎಂಟು ವರ್ಷದ ನಂತರ, 2015ರ ಏಪ್ರಿಲ್‌ನಲ್ಲಿ, ಪೋಲೆಂಡಿನ ಕ್ರಾಕೋದಲ್ಲಿ ಇಬ್ಬರೂ ಮತ್ತೆ ಎದುರಾದರು. ಮಿರ್ಕೊಗೆ ನಲವತ್ತು ದಾಟಿತ್ತು. ಎರಡು ಸುತ್ತು ಹಿಂದೆ ಬಿದ್ದವನು ಮೂರನೆಯದರಲ್ಲಿ ಗೊಂಝಾಗನನ್ನು ಕೆಡವಿ, ಮೇಲೇರಿ, ಮೊಣಕೈಯಿಂದ ಹೊಡೆದು ಗೆದ್ದ. ಜುಜುತ್ಸು ಪಟು ಒದ್ದು ಗೆದ್ದಿದ್ದ. ಒದೆಯುವವನು ನೆಲದಲ್ಲಿ ಗೆದ್ದ. ಅವನ ಇಡೀ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವ ಗೆಲುವು ಇದು.

ಇದರ ಬೆಲೆಯನ್ನೂ ಹೇಳಲೇಬೇಕು. ಅದೇ ವರ್ಷದ ಕೊನೆಗೆ, ಗಾಯಗೊಂಡ ಭುಜ ವಾಸಿಯಾಗಲೆಂದು ಬೆಳವಣಿಗೆಯ ಹಾರ್ಮೋನ್ ಬಳಸಿದ್ದಾಗಿ ಅವನೇ ಒಪ್ಪಿಕೊಂಡ. ಎರಡು ವರ್ಷ ನಿಷೇಧ ಬಿತ್ತು. ಆದರೂ ಜಪಾನಿನ ರಿಜಿನ್ ಕಣದಲ್ಲಿ 2016ರ ಕೊನೆಯ ದಿನ ಮತ್ತೊಂದು ಗ್ರ್ಯಾನ್ ಪ್ರಿ ಗೆದ್ದ. ಕೊನೆಗೆ 2019ರಲ್ಲಿ, ಗೆದ್ದ ಪಂದ್ಯವೊಂದರ ಬೆನ್ನಿಗೇ ಪಾರ್ಶ್ವವಾಯು ತಗುಲಿ ಕಣ ಬಿಟ್ಟ. ಹೊಸ ವಿದ್ಯೆಯನ್ನು ಮನಸ್ಸು ನಲವತ್ತರಲ್ಲೂ ಕಲಿಯಬಲ್ಲದು. ಅಲ್ಲಿಯವರೆಗೆ ತಿಂದ ಪೆಟ್ಟುಗಳ ಲೆಕ್ಕವನ್ನು ಮೈ ಮಾತ್ರ ಬಿಡದೆ ಇಟ್ಟಿರುತ್ತದೆ.